ಹೊಸ್ತಿಲ ಬೆಳಕಿಗೆ ಬಾರದ ಕರಡಿ

ಆ ಬೀದಿಯಲ್ಲಿ ಬಣ್ಣದಮ್ಮನೆಂದರೆ ಎಲ್ಲರೂ ಬಲ್ಲರು. ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇತ್ತು; ಆದರೆ ಮೊಣಕೈವರೆಗೆ ಒಂದಲ್ಲ ಒಂದು ಬಣ್ಣ ಹತ್ತಿಸಿಕೊಂಡೇ ಬಾಗಿಲಿಗೆ ಬರುವ ಹೆಂಗಸನ್ನು ಆ ಹೆಸರಿನಿಂದ ಕರೆಯುವ ಸಂದರ್ಭ ಯಾರಿಗೂ ಒದಗಿರಲಿಲ್ಲ. ಮಾಸಿದ ಕೋಟು, ಬಿಸಿಲಿಗೆ ಬಿಳಿಚಿದ ಪರದೆ, ಚಹಾದ ಕಲೆ ಕುಳಿತ ಶಾಲು, ಅಕ್ಕನಿಗೆ ಸಾಕಾಗಿ ತಂಗಿಯ ಪಾಲಿಗೆ ಬಂದ ಲಂಗ, ಇಂಥವಕ್ಕೆ ಮರಳಿ ಬಣ್ಣ ಕಟ್ಟಿಕೊಡುವುದು ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುಕೋಣೆಯಲ್ಲಿ ಒಲೆ, ಹಂಡೆ, ಬಟ್ಟೆ ಎತ್ತುವ ಮರದ ಕೋಲುಗಳು, ವಿನೆಗರಿನ ಶೀಷೆಗಳು. ನೆಲದ ಮಧ್ಯೆ ಬಣ್ಣದ ನೀರು ಹರಿದುಹೋಗಲು ಒಂದು ಕಬ್ಬಿಣದ ಜಾಲರಿ. ಹಿಂದಿನ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ.

ಅಂಗಡಿಗೆ ಒಂದು ಕಟ್ಟಳೆಯಿತ್ತು. ಬಟ್ಟೆ ತಂದವರ ಕಣ್ಣೆದುರಿಗೇ ಅದರ ಮಡಿಕೆಯೊಳಗಿಂದ ಕೆಲವು ಎಳೆಗಳನ್ನು ಬಿಡಿಸಿಕೊಂಡು, ಅವಕ್ಕೆ ಬಣ್ಣ ಕಟ್ಟಿ, ಒಣಗಿಸಿ, ಮರುದಿನ ಅವರನ್ನು ಹೊಸ್ತಿಲ ಬಳಿ ನಿಲ್ಲಿಸಿ ಹಗಲ ಬೆಳಕಿನಲ್ಲಿ ತೋರಿಸುವಳು.

"ಇದೇನಾ? ಸರಿಯಾಗಿ ನೋಡಿ ಹೇಳಿ. ಒಳಗೆ ದೀಪದಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ."

ಒಡೆಯರು ತಮ್ಮ ಬಾಯಿಂದಲೇ ಹೂಂ ಎನ್ನುವ ತನಕ ಬಟ್ಟೆ ಹಂಡೆಗೆ ಇಳಿಯುತ್ತಿರಲಿಲ್ಲ. ಅವಸರದವರು, "ನೀವೇ ನೋಡಿ ಹಾಕಿಬಿಡಿ, ನಿಮಗೆ ಗೊತ್ತಿರಲ್ವಾ" ಎಂದರೆ, "ನನಗೆ ಬಣ್ಣ ಗೊತ್ತು, ನಿಮ್ಮ ಮನಸ್ಸು ಗೊತ್ತಿಲ್ಲ" ಎಂದು ಬಟ್ಟೆಯನ್ನು ಮಡಿಚಿ ಅವರ ಕೈಗೇ ಕೊಡುವಳು. ಎದುರುಬದಿಯಲ್ಲಿ ಗುಂಡಿ, ದಾರ, ಕೊಕ್ಕೆಗಳನ್ನು ಮಾರುವ ಗುಂಡಿಯಂಗಡಿಯವನಿಗೆ ಇದು ನಿತ್ಯದ ವಿನೋದ.

"ಬಣ್ಣದಮ್ಮ, ನಿಮ್ಮ ಹೊಸ್ತಿಲಲ್ಲಿ ನಿಂತು ನಿಂತು ಜನರ ಕಾಲು ಊದ್ಕೊಂಡಿದೆ. ಒಂದು ಕುರ್ಚಿನಾದ್ರೂ ಹಾಕಬಾರದಾ?"

"ಕೂತವರು ಬೇಗ ಒಪ್ಕೊಂಡುಬಿಡ್ತಾರೆ. ನಿಂತೇ ನೋಡ್ಲಿ."

ಇಷ್ಟು ಬಿಗಿಯಾಗಿ ಕಾಪಾಡಿಕೊಂಡು ಬಂದ ಕಟ್ಟಳೆಯನ್ನು ಅವಳು ಒಂದು ಸಲ ಮುರಿದಳು. ಹೊರಗಿನ ಗಿರಾಕಿಗಲ್ಲ, ಮನೆಯೊಳಗಿನ ಮಗುವಿಗೆ.

ಅವಳ ತಮ್ಮನ ಹೆಂಡತಿ ಗೊಂಬೆ ಹೊಲಿಯುವವಳಾಗಿದ್ದಳು. ಹೊಲಿಯುತ್ತಿದ್ದುದು ಕರಡಿಗಳನ್ನು ಮಾತ್ರ, ಅದೂ ಮೊಹೇರ್ ಬಟ್ಟೆಯಲ್ಲಿ. ಉದ್ದ ರೋಮದ ಆಡಿನ ಕೂದಲನ್ನು ಹತ್ತಿಯ ನೆಯ್ಗೆಯ ಮೇಲೆ ನಿಲ್ಲಿಸಿ ಮಾಡುವ ಬಟ್ಟೆ ಅದು; ಮುಂಭಾಗ ಮಿರುಗುವ ತುಪ್ಪಳ, ಹಿಂಭಾಗ ಬರಿಯ ಹತ್ತಿ. ಬಿಳಿಯ ಬಟ್ಟೆಯನ್ನು ಸುರುಳಿಯಾಗಿ ಕಂಕುಳಲ್ಲಿ ಇರುಕಿಕೊಂಡು ಬಂದು ನಾದಿನಿಯಿಂದ ಜೇನಿನ ಬಣ್ಣ, ಕಂದು ಬಣ್ಣ, ಬೂದಿ ಬಣ್ಣ ಕಟ್ಟಿಸಿಕೊಳ್ಳುವಳು. ಆಮೇಲೆ ಕತ್ತರಿಸಿ ಹೊಲಿಯುವಳು. "ನಾನೂ ಹೊಸ್ತಿಲಲ್ಲಿ ನಿಲ್ಲಬೇಕಾ ಅಕ್ಕ?" ಎಂದು ಮೊದಲ ಸಲ ನಗುತ್ತ ಕೇಳಿದ್ದಳು. "ನೀನೂ ನಿಲ್ಲಬೇಕು" ಎಂಬ ಉತ್ತರದಲ್ಲಿ ನಗೆಯಿರಲಿಲ್ಲ. ಇಬ್ಬರ ನಡುವೆ ಜಗಳವೆಂಬುದು ಎಂದೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಕರಡಿಗಳನ್ನು ಕಂಡವರೆಲ್ಲ "ಎಂಥಾ ಕೈ ಕಣಮ್ಮ ನಿಂದು" ಎಂದು ಹೊಲಿದವಳನ್ನು ಹೊಗಳುವರು. ಬಣ್ಣ ಯಾರದೆಂದು ಕೇಳಿದವರಿಲ್ಲ. ಕೇಳಲಿ ಎಂದು ಬಣ್ಣದಮ್ಮ ಬಾಯಿಬಿಟ್ಟು ಎಲ್ಲಿಯೂ ಹೇಳಿದವಳಲ್ಲ, ಒಳಗೊಳಗೇ ಕಾದಿದ್ದಳು.

ಮಗಳು ಹುಟ್ಟಿದಾಗ ತಮ್ಮನ ಹೆಂಡತಿ ತನ್ನ ಕೂಸಿಗೆಂದು ಒಂದು ಕರಡಿ ಮಾಡಹೊರಟಳು. ಬಟ್ಟೆಯನ್ನು ತೋರಿಸಲು ತಂದವಳು ಬಿಚ್ಚಿ ಕೊಡಲಿಲ್ಲ.

"ಇದಕ್ಕೆ ಬಣ್ಣ ಬೇಡ ಅಕ್ಕ. ಆಡಿನ ಮೈಮೇಲೆ ಹೇಗಿತ್ತೋ ಹಾಗೇ ಇರ್ಲಿ."

"ಕೊಳೆ ಬೇಗ ಕಾಣುತ್ತೆ."

"ಕಾಣ್ಲಿ ಬಿಡಿ. ಅವಳ ಕೊಳೆ ತಾನೆ."

ಆಡಿದವಳು ಆ ಮಾತನ್ನು ಅಲ್ಲಿಯೇ ಮರೆತಿದ್ದಾಳು. ಕೇಳಿದವಳ ಎದೆಯಲ್ಲಿ ಮಾತ್ರ 'ಬೇಡ' ಎಂಬ ಆ ಒಂದು ಶಬ್ದ ಮುಳ್ಳಿನ ಮೊನೆಯಂತೆ ಮುರಿದು ಉಳಿಯಿತು. ಎಲ್ಲರಿಗೂ ಬೇಕಾದ ತನ್ನ ಬಣ್ಣ ಅವಳ ಸ್ವಂತ ಮಗಳಿಗೆ ಮಾತ್ರ ಬೇಡವಾಯಿತೇ ಎಂದು.

ಕೆಲವು ವರ್ಷಗಳಾದ ಮೇಲೆ ಆ ತಾಯಿ ಶ್ವಾಸದ ಕಾಯಿಲೆಯಿಂದ ತೀರಿಕೊಂಡಳು. ತಮ್ಮನದು ಊರೂರು ಸುತ್ತುವ ಲಾರಿಯ ಕೆಲಸ. ಮಗಳನ್ನು ತಂದು ಅಕ್ಕನ ಮನೆಯಲ್ಲಿ ಬಿಟ್ಟ. ಸಣ್ಣಗೆ, ಕಪ್ಪಗೆ, ಚುರುಕಾಗಿದ್ದ ಹುಡುಗಿಯನ್ನು ಅವನು ಮೆಣಸು ಎಂದು ಕರೆಯುತ್ತಿದ್ದ. ಬೀದಿಗೂ ಅದೇ ರೂಢಿಯಾಯಿತು.

"ಇವರು ನಿನ್ನ ಅತ್ತೆ ಕಣೇ. ಮಾತಾಡ್ಸು."

ಮೆಣಸು ತಲೆಯೆತ್ತಲಿಲ್ಲ. ತನ್ನ ಕೈಯಲ್ಲಿದ್ದ ಕೆನೆಬಣ್ಣದ ಕರಡಿಯನ್ನು ಎತ್ತಿ ಅದರ ಮುಖವನ್ನು ಅತ್ತೆಯ ಕಡೆ ತಿರುಗಿಸಿದಳು. ತನ್ನ ಪರವಾಗಿ ಅದು ಮಾತಾಡಲಿ ಎಂಬಂತೆ.

ಅಲ್ಲಿಂದ ಮುಂದೆ ಆ ಮನೆಯ ಮಾತುಕತೆಯೆಲ್ಲ ಕರಡಿಯ ಮೂಲಕವೇ ನಡೆಯಿತು. ಊಟಕ್ಕೆ ಕೂತರೆ ಮೆಣಸು ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಹಳ ಮರ್ಯಾದೆಯಿಂದ ಹೇಳುವಳು: "ನೋಡಿದ್ರಾ? ಇವರು ಅಡುಗೆಗೆ ಉಪ್ಪೇ ಹಾಕಲ್ಲ."

"ಉಪ್ಪಿನ ಡಬ್ಬಿ ಪಕ್ಕದಲ್ಲೇ ಇದೆ ಅಂತ ಹೇಳು ನಿನ್ನ ಕರಡಿಗೆ."

"ಕೇಳಿಸ್ತಾ? ಪಕ್ಕದಲ್ಲೇ ಇದೆಯಂತೆ. ನಮಗೆ ಕಣ್ಣು ಕಾಣಲ್ಲ ಅಂತ ತಿಳ್ಕೊಂಡಿದ್ದಾರೆ."

ಗುಂಡಿಯಂಗಡಿಯವನು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ನಿಮ್ಮಿಬ್ಬರ ಮಧ್ಯೆ ಕರಡಿ ವಕೀಲಿಕೆ ಮಾಡ್ತಿದೆ. ಫೀಸು ಯಾರು ಕೊಡ್ತೀರಿ?" ಬಣ್ಣದಮ್ಮನೂ ತುಟಿಯಂಚಿನಲ್ಲಿ ನಕ್ಕಳು. ಒಳಗೆ ನಗೆಯಿರಲಿಲ್ಲ. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತವಳು ತಾನು. ಸಿಕ್ಕುಗಟ್ಟಿದ ಕೂದಲನ್ನು ನೋಯದಂತೆ ಬಿಡಿಸಿದವಳು ತಾನು. ಶಾಲೆಯ ಬಾಗಿಲಲ್ಲಿ ಬಿಸಿಲಿಗೆ ನಿಂತು ಕಾದವಳೂ ತಾನೇ. ಆದರೂ ಮಗು ಮುಖವಿಟ್ಟು ಮಲಗುತ್ತಿದ್ದುದು ಆ ಕರಡಿಯ ಎದೆಯ ಮೇಲೆ. ಸತ್ತವಳು ಅದರ ಒಂದೊಂದು ಹೊಲಿಗೆಯಲ್ಲಿ ಕೂತುಕೊಂಡು ಮಗಳನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತಿದ್ದಾಳೆ ಎಂದು ಬಣ್ಣದಮ್ಮನಿಗೆ ತೋರುತ್ತಿತ್ತು. ಹೊಟ್ಟೆಕಿಚ್ಚು ಎಂಬ ಹೆಸರನ್ನು ಅವಳು ಅದಕ್ಕೆ ಇಡಲಿಲ್ಲ. ಮಗುವಿಗೆ ಇದು ಒಳ್ಳೆಯದಲ್ಲ ಎಂಬ ದೊಡ್ಡ ಮಾತನ್ನು ಇಟ್ಟುಕೊಂಡಳು.

ಹೀಗಿರಲು ಶಾಲೆಯವರು ಮಕ್ಕಳನ್ನು ಮೂರು ದಿನಗಳ ಪರವೂರಿನ ಪ್ರವಾಸಕ್ಕೆ ಕರೆದೊಯ್ದರು. ಆಟಿಕೆಗಳನ್ನು ತರಕೂಡದೆಂದು ಟೀಚರು ಖಂಡಿತವಾಗಿ ಹೇಳಿದ್ದರು. ಹೊರಡುವ ಬೆಳಗ್ಗೆ ಮೆಣಸು ಕರಡಿಯನ್ನು ನಡುಕೋಣೆಯ ಬೆಂಚಿನ ಮೇಲೆ, ಹಂಡೆಗೆ ಎದುರಾಗಿ ಕೂರಿಸಿ, ಅದರ ಕಿವಿಯಲ್ಲಿ ಹೇಳಿದಳು:

"ಇವರೊಬ್ಬರೇ ಇರ್ತಾರೆ. ಸ್ವಲ್ಪ ನೋಡ್ಕೊಂಡಿರಿ."

ಬಾಗಿಲಲ್ಲಿ ನಿಂತಿದ್ದ ಬಣ್ಣದಮ್ಮನಿಗೆ ಅದು ಕೇಳಿಸಿತು. ತನ್ನ ಮೇಲೆ ಕಾವಲು ಇಟ್ಟು ಹೋಗುತ್ತಿದ್ದಾಳೆ ಎಂದೇ ಅವಳು ತಿಳಿದಳು. ಆ ಮಾತಿಗೆ ಬೇರೊಂದು ಅರ್ಥವಿದ್ದೀತೆಂದು ಹೊಳೆಯುವ ಹೊತ್ತಿಗೆ ಕಾಲ ಮಿಂಚಿಹೋಗಿತ್ತು.

ಆ ದಿನ ಹಂಡೆಯಲ್ಲಿದ್ದುದು ಯಾರದೋ ಉಣ್ಣೆಯ ಕೋಟು, ಗಾಢ ಕಂದು ಬಣ್ಣ. ಕೋಲಿನಿಂದ ಎತ್ತಿ ಹಿಂಡುವಾಗ ತೋಳೊಂದು ಜಾರಿ ಹಂಡೆಗೆ ಬಿತ್ತು, ನೀರು ಚಿಮ್ಮಿತು. ನೋಡಿದರೆ ಕರಡಿಯ ಹೊಟ್ಟೆಯ ಮೇಲೆ ಅಂಗೈಯಗಲದ ಕಲೆ. ಬೆಂಚಿನ ಮೇಲಿಂದ ಅದನ್ನು ಮೊದಲೇ ಎತ್ತಿಡಬೇಕಿತ್ತು, ಎತ್ತಿಟ್ಟಿರಲಿಲ್ಲ. ಆದರೂ ಅಲ್ಲಿಯವರೆಗೆ ನಡೆದದ್ದು ಕೈತಪ್ಪು.

ಇಂಥ ಕಲೆಗೆ ಏನು ಮಾಡಬೇಕೆಂಬುದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಕೂಡಲೇ ತಣ್ಣೀರು ಹಾಕಿ, ಬಿಳಿಯ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದರೆ ಗುರುತೂ ಉಳಿಯುವುದಿಲ್ಲ. ತಡಮಾಡಿದರೆ ಬಣ್ಣ ಕೂದಲಿಗೆ ಇಳಿದು ಕೂತುಬಿಡುತ್ತದೆ. ಹಿಂದಿನ ಕೋಣೆಗೆ ಹೋಗಿ ಲೋಟದ ತುಂಬ ತಣ್ಣೀರು ತಂದಳು. ಕರಡಿಯ ಮುಂದೆ ನಿಂತಳು. ಅದರ ಗಾಜಿನ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ನಿಂತೇ ಇದ್ದಳು. ಆಮೇಲೆ ಲೋಟವನ್ನು ಎತ್ತಿ ಆ ನೀರನ್ನು ತಾನೇ ಕುಡಿದಳು. ಬಾಯಾರಿಕೆಯಿಂದಲ್ಲ. ಲೋಟ ಕೆಳಗಿಟ್ಟು, ಕೋಟನ್ನು ನೆರಳಿನಲ್ಲಿ ಹರವಿ, ಗುಂಡಿಗಳನ್ನು ಒರೆಸಿ, ನೆಲ ತೊಳೆದು ಹಿಂದಿರುಗುವಾಗ ಕಲೆ ಕೂತಿತ್ತು.

ಇನ್ನು ಇಡೀ ಮೈಗೆ ಬಣ್ಣ ಹಾಕದೆ ಗತ್ಯಂತರವಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅಷ್ಟು ಹೊತ್ತಿಗೆ ಅದು ನಿಜವೂ ಆಗಿತ್ತು.

ಹೊಲಿದು ಮುಗಿಸಿದ ಕರಡಿಗೆ ಬಣ್ಣ ಕಟ್ಟುವುದು ಬಟ್ಟೆಗೆ ಕಟ್ಟಿದಂತಲ್ಲ. ಹೊಟ್ಟೆಯ ತುಂಬ ಮರದ ಸಿಪ್ಪೆ. ಹಂಡೆಗೆ ಇಳಿಸಿದರೆ ಅದು ಊದಿ ಕೊಳೆಯುತ್ತದೆ, ಕೀಲಿನಲ್ಲಿರುವ ರಟ್ಟಿನ ಬಿಲ್ಲೆಗಳು ಮೆತ್ತಗಾಗುತ್ತವೆ. ಬಣ್ಣವನ್ನು ಗೋಂದಿನಲ್ಲಿ ಗಟ್ಟಿಯಾಗಿ ಕಲಸಿ, ವಿನೆಗರು ಸೇರಿಸಿ, ಕುಂಚದಿಂದ ಕೂದಲಿಗೆ ಮಾತ್ರ ಸವರಬೇಕು. ಒಳಗಿನ ಹತ್ತಿ ನೆನೆಯಬಾರದು. ಕೈಕಾಲುಗಳನ್ನು ತಿರುಗಿಸಿ, ಕಿವಿಯ ಹಿಂದೆ, ಗದ್ದದ ಕೆಳಗೆ, ಎಲ್ಲಿಯೂ ಬಿಡದೆ ಹಚ್ಚಬೇಕು. ಕುದಿಯುವ ಕೆಟಲಿನ ಹಬೆಯನ್ನು ಸ್ವಲ್ಪ ಸ್ವಲ್ಪವೇ ತೋರಿಸಿ ಬಣ್ಣ ನಿಲ್ಲಿಸಬೇಕು. ಮರುದಿನ ಒದ್ದೆ ಬಟ್ಟೆಯಿಂದ ಗೋಂದು ಒರೆಸಿ ತೆಗೆದು, ಹಲ್ಲು ಬಿಡಿಯಾದ ಬಾಚಣಿಗೆಯಿಂದ ಬಾಚಬೇಕು. ಇಷ್ಟನ್ನೂ ಅವಳು ತನ್ನ ಜೀವಮಾನದ ಅತ್ಯುತ್ತಮ ಕೆಲಸವೆಂಬಂತೆ ಮಾಡಿದಳು. ಒಂದು ಚುಕ್ಕೆಯಷ್ಟೂ ಹೆಚ್ಚುಕಮ್ಮಿಯಿಲ್ಲದ, ಸುಟ್ಟ ಸಕ್ಕರೆಯಂಥ ಕಂದು.

ಆದರೆ ಬಣ್ಣ ಬದಲಾದರೂ ಮುಖ ಅದೇ. ಮಗು ಗುರುತು ಹಿಡಿದೀತು. ಕತ್ತರಿ ತೆಗೆದುಕೊಂಡು ಮೂತಿಯ ಕೂದಲನ್ನು ಗಿಡ್ಡ ಮಾಡಿದಳು. ಮೂಗಿನ ದಾರ ಬಿಚ್ಚಿ ಬೇರೆ ದಾರ ಕಟ್ಟಿದಳು. ಕಣ್ಣುಗಳನ್ನು ಕಿತ್ತು, ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡುವುದೆಂದು ತಿಳಿಯದೆ ಜಾಲರಿಯೊಳಗೆ ಹಾಕಿಬಿಟ್ಟಳು. ಆಮೇಲೆ ಬೀದಿ ದಾಟಿ ಗುಂಡಿಯಂಗಡಿಗೆ ಹೋದಳು.

"ಕರಡಿ ಕಣ್ಣಾ?" ಅವನು ಡಬ್ಬಿ ಹುಡುಕುತ್ತ ಕೇಳಿದ. "ನಿಮ್ಮ ತಮ್ಮನ ಹೆಂಡತಿ ಹೋದ ಮೇಲೆ ಯಾರೂ ಕೇಳಿರಲಿಲ್ಲ. ಏನು, ನೀವೇ ಹೊಲಿಯೋಕೆ ಶುರು ಮಾಡಿದ್ರಾ?"

"ಹೂಂ."

ಇಡೀ ಬಟ್ಟೆಗೆ ಬಣ್ಣ ಹಾಕುವ ಮೊದಲು ಒಂದೆಳೆಗೆ ಹಾಕಿ ನೋಡಿದಂತಾಯಿತು. ಸುಳ್ಳು ಹಿಡಿಯಿತು.

ಮೆಣಸು ಪ್ರವಾಸದಿಂದ ಬಂದವಳೇ ಚೀಲವನ್ನೂ ಇಳಿಸದೆ ನಡುಕೋಣೆಗೆ ಓಡಿದಳು. ಬೆಂಚಿನ ಮೇಲೆ ಕಂದು ಕರಡಿ. ಗೋಡೆಗೋ ಗಾಳಿಗೋ ಎಂಬಂತೆ ಕೇಳಿದಳು:

"ನಮ್ಮ ಕರಡಿ ಎಲ್ಲಿ?"

"ಬಣ್ಣ ಬಿದ್ದು ಹಾಳಾಯ್ತು. ಏನು ಮಾಡಿದ್ರೂ ಹೋಗಲಿಲ್ಲ. ಅದಕ್ಕೇ ಇದನ್ನ ನಾನು ನಿನಗೆ ಹೊಲಿದೆ."

ಹುಡುಗಿ ಕರಡಿಯನ್ನು ತೆಗೆದುಕೊಂಡು ಮೂಸಿದಳು. ವಿನೆಗರಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದಳು. ಗೊತ್ತಾಗಿಬಿಡಲಿ ಎಂಬ ಆಸೆಯೂ ಗೊತ್ತಾಗದಿರಲಿ ಎಂಬ ಆಸೆಯೂ ಬಣ್ಣದಮ್ಮನ ಒಂದೇ ಉಸಿರಿನಲ್ಲಿದ್ದವು.

"ನೀವೇ ಮಾಡಿದ್ರಾ, ಅತ್ತೆ?"

ಆ ಮನೆಗೆ ಬಂದ ಮೇಲೆ ಅವಳು ಅತ್ತೆಯನ್ನು ಅತ್ತೆಯೆಂದು ಕರೆದದ್ದು ಅದೇ ಮೊದಲು. ಕರೆದ ಮೇಲೆ ಅವಳ ಮುಖ ಕುಸಿಯಿತು. ಬಂದು ಬಣ್ಣದಮ್ಮನ ತೊಡೆಯ ಮೇಲೆ ತಲೆಯಿಟ್ಟು, ತಾಯಿ ಹೋದಾಗಲೂ ಅಳದಷ್ಟು ಅತ್ತಳು. ಕಳೆದುಹೋದ ಕರಡಿ ಅಳುವವಳ ಕೈಯಲ್ಲೇ ಇತ್ತು. ಒಂದು ಮಾತು ಹೇಳಿದ್ದರೆ ಆ ಅಳು ಅಲ್ಲಿಗೇ ನಿಲ್ಲುತ್ತಿತ್ತು. ಬಣ್ಣದಮ್ಮ ಬೆನ್ನು ಸವರಿದಳು. ಹೇಳಲಿಲ್ಲ. ಕೂತ ಮಗು ಎದ್ದು ಹೋಗಿಬಿಟ್ಟೀತೆಂಬ ಹೆದರಿಕೆ.

ಅಂದಿನಿಂದ ಮೆಣಸು ಬಾಯ್ತುಂಬ ಮಾತಾಡಿದಳು. "ಅತ್ತೆ, ಇವತ್ತೂ ಉಪ್ಪು ಮರೆತ್ರಾ?" ಎಂದು ನೇರವಾಗಿಯೇ ಬೈದಳು. ಹೊಸ್ತಿಲ ಬಳಿ ನಿಂತು, ಗಿರಾಕಿಗಳಿಗೆ ಎಳೆ ತೋರಿಸುವಾಗ "ಸರಿಯಾಗಿ ನೋಡಿ ಹೇಳಿ" ಎಂದು ಅತ್ತೆಯ ದನಿಯನ್ನೇ ಅಣಕಿಸಿದಳು. ಬಣ್ಣದಮ್ಮ ಬಯಸಿದ್ದೆಲ್ಲ ಕೈಗೆ ಬಂತು, ಮತ್ತು ಬಂದದ್ದನ್ನು ಒಂದು ದಿನವೂ ನೆಮ್ಮದಿಯಿಂದ ಉಣ್ಣಲಾಗಲಿಲ್ಲ. ಕಂಡವರಿಗೆಲ್ಲ ಹುಡುಗಿ "ನಮ್ಮತ್ತೆ ಹೊಲಿದದ್ದು" ಎಂದು ಕರಡಿಯನ್ನು ತೋರಿಸುವಾಗ ಅವಳು ಒಲೆಯ ಕಡೆ ತಿರುಗುತ್ತಿದ್ದಳು. ನಮ್ಮ ಮಗುವಿಗೂ ಒಂದು ಹೊಲಿದುಕೊಡಿ ಎಂದು ಬಂದವರಿಗೆ ಕಣ್ಣು ಮಂಜು ಎಂದಳು.

"ಒಂದೇ ಒಂದು ಮಾಡಿ ಕೈ ತೊಳ್ಕೊಂಡ್ರಲ್ಲ" ಎಂದ ಗುಂಡಿಯಂಗಡಿಯವನು.

"ತೊಳ್ಕೊಂಡ್ರೆ ಹೋಗಬೇಕಲ್ಲ" ಎಂದಳು ಅವಳು. ಅವನು ಅದನ್ನು ಅವಳ ಬಣ್ಣದ ಕೈಯ ಮಾತೆಂದು ತಿಳಿದು ನಕ್ಕ.

ಅದಾದ ಮೇಲೆ ಮೊಹೇರ್ ಬಟ್ಟೆಯನ್ನು ಅವಳು ಎಂದೂ ಒಳಗೆ ತೆಗೆದುಕೊಳ್ಳಲಿಲ್ಲ. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಪರೀಕ್ಷೆ ಮುಗಿಯಲಿ, ಕೆಲಸ ಸಿಗಲಿ, ಮದುವೆಯ ಗದ್ದಲ ಕಳೆಯಲಿ ಎಂದು ಮಾತನ್ನು ಮುಂದಕ್ಕೆ ತಳ್ಳಿದಳು. ಮೆಣಸು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸಕ್ಕೆ ಸೇರಿದಳು, ಎರಡು ಬೀದಿಗಳಾಚೆ ಸಂಸಾರ ಹೂಡಿದಳು, ಒಂದು ಹೆಣ್ಣುಮಗುವಿನ ತಾಯಿಯಾದಳು. ವಾರದ ರಜೆಯ ದಿನ ತಪ್ಪದೆ ಅತ್ತೆಯ ಮನೆಗೆ ಬರುವಳು, ಬಂದೊಡನೆ ಉಪ್ಪಿನ ಡಬ್ಬಿಯನ್ನು ಮುಂದಕ್ಕೆ ಇಡುವಳು.

ಅಂಥ ಒಂದು ರಜೆಯ ಬೆಳಗ್ಗೆ ಅವಳು ಕರಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ತಾಯಿ ಬಟ್ಟೆಯ ಸುರುಳಿಯನ್ನು ಹಿಡಿದು ಬರುತ್ತಿದ್ದ ಹಾಗೆಯೇ.

"ಅತ್ತೆ, ಒಳಗೆ ಬರಲ್ಲ. ಇವತ್ತು ನಾನು ಗಿರಾಕಿ" ಎಂದು ಹೊಸ್ತಿಲ ಮೇಲೇ ನಿಂತಳು. "ನನ್ನ ಮಗಳು ಇನ್ಮೇಲೆ ಒಬ್ಬಳೇ ಮಲಗ್ತಾಳಂತೆ. ಇದನ್ನ ಅವಳಿಗೆ ಕೊಡೋಣ ಅಂತ. ಕಿಟಕಿ ಹತ್ರ ಇಟ್ಟು ಇಟ್ಟು ಬಣ್ಣ ಹೋಗಿದೆ ನೋಡಿ. ಮೊದಲು ಹೇಗಿತ್ತೋ ಹಾಗೇ ಮಾಡಿಕೊಡಿ. ಈ ತೋಳೂ ಅಲ್ಲಾಡ್ತಿದೆ."

ಮೊದಲು ಹೇಗಿತ್ತೋ ಹಾಗೇ. ಬಣ್ಣದಮ್ಮ ಕರಡಿಯನ್ನು ಕೈಗೆ ತೆಗೆದುಕೊಂಡಳು. ಬಿಸಿಲು ತಗುಲಿದ ಕಡೆ ಕಂದು ಬಣ್ಣ ಒಣಹುಲ್ಲಿನಂತಾಗಿತ್ತು.

"ನಾಳೆ ಬಾ. ನೋಡಿಡ್ತೀನಿ."

"ಅದೆಲ್ಲಾ ಆಗಲ್ಲ. ನನ್ನ ಕಣ್ಣೆದುರಿಗೆ ಎಳೆ ತೆಗೀಬೇಕು. ನಿಮ್ಮದೇ ಕಟ್ಟಳೆ." ಮೆಣಸು ಅತ್ತೆಯ ದನಿ ಮಾಡಿ ಹೇಳಿದಳು: "ನನಗೆ ಬಣ್ಣ ಗೊತ್ತು, ನಿಮ್ಮ ಮನಸ್ಸು ಗೊತ್ತಿಲ್ಲ."

ಎಳೆಯನ್ನು ತೆಗೆಯಬೇಕಾದದ್ದು ಯಾರಿಗೂ ಕಾಣದ ಕಡೆಯಿಂದ. ಮುಗಿದ ಕರಡಿಯಲ್ಲಿ ಅಂಥ ಜಾಗ ತೋಳಿನ ಕೀಲಿನ ಅಡಿಯೊಂದೇ. ಅಲ್ಲಿಗೆ ಕುಂಚ ಹೋಗಿರಲಿಲ್ಲವೆಂದು ಈ ಪ್ರಪಂಚದಲ್ಲಿ ಬಲ್ಲವಳು ಅವಳೊಬ್ಬಳೇ. ಬೆನ್ನಿನಿಂದ ನಾಲ್ಕು ಕೂದಲು ಕತ್ತರಿಸಿದ್ದರೂ ಮೆಣಸು ಏನೂ ಅನ್ನುತ್ತಿರಲಿಲ್ಲ. ಬಣ್ಣ ಮತ್ತೆ ಏರುತ್ತಿತ್ತು. ಸುಳ್ಳು ಇನ್ನೊಂದು ತಲೆಮಾರಿನ ಹಾಸಿಗೆಗೆ ಹೋಗಿ ಮಲಗುತ್ತಿತ್ತು. ಬಣ್ಣದಮ್ಮ ಕತ್ತರಿ ಕೈಗೆತ್ತಿಕೊಂಡಳು. ಆಮೇಲೆ ಮೈಗೂ ತೋಳಿಗೂ ನಡುವಿನ ಸಂದಿಗೆ ಅದರ ತುದಿ ತೂರಿಸಿ, ಮೇಣ ಹಚ್ಚಿದ ದಾರವನ್ನು ಕತ್ತರಿಸಿದಳು. ತೋಳು ಕಳಚಿ ಅವಳ ಅಂಗೈಗೆ ಬಿತ್ತು.

ಭುಜದ ಮೇಲೆ ಶೀಷೆಯ ಮುಚ್ಚಳದಷ್ಟು ಅಗಲ, ಕೆನೆಯ ಬಣ್ಣದ ತುಪ್ಪಳ. ಅಷ್ಟು ವರ್ಷ ಬೆಳಕು ಕಾಣದೆ, ಹೊಸದಾಗಿ ನೆಯ್ದಂತೆ ಮಿರುಗುತ್ತಿತ್ತು.

"ಇಲ್ಲಿ ಬಣ್ಣ ಹಿಡಿದಿಲ್ವಲ್ಲ" ಎಂದಳು ಮೆಣಸು.

"ಕುಂಚ ಹೋಗಲಿಲ್ಲ."

"ಕುಂಚ ಯಾಕೆ? ಬಟ್ಟೆಗೆ ಮೊದಲು ಬಣ್ಣ ಕಟ್ಟಿ, ಆಮೇಲೆ ತಾನೆ ಕತ್ತರಿಸಿ ಹೊಲಿಯೋದು? ಅಮ್ಮ ಹಾಗೇ ಮಾಡ್ತಿದ್ದರು ಅಂತ ನೀವೇ ಹೇಳಿದ್ರಿ." ಮಾತು ಮುಗಿಯುವ ಮೊದಲೇ ಅವಳ ದನಿ ನಿಧಾನವಾಯಿತು.

"ಇದನ್ನ ನಾನು ಹೊಲಿಯಲಿಲ್ಲ ಮೆಣಸು. ನನಗೆ ಹೊಲಿಯೋಕೆ ಬರಲ್ಲ."

ಬಣ್ಣದಮ್ಮ ಎಲ್ಲವನ್ನೂ ಹೇಳಿದಳು. ಕೋಟಿನ ತೋಳು ಜಾರಿದ್ದನ್ನು ಹೇಳಿದಳು, ಲೋಟದ ನೀರನ್ನು ಹೇಳಿದಳು. "ಕಲೆ ಬಿದ್ದದ್ದು ಕೈತಪ್ಪಿ. ನೀರು ಕುಡಿದದ್ದು ಕೈತಪ್ಪಿ ಅಲ್ಲ" ಎಂದಳು. ತನ್ನ ಪರವಾಗಿ ಒಂದು ಮಾತನ್ನೂ ಸೇರಿಸಲಿಲ್ಲ. ಸೇರಿಸಲು ಮಾತುಗಳೇನೂ ಇಲ್ಲದೆ ಇರಲಿಲ್ಲ.

ಮೆಣಸು ಬೆರಳ ತುದಿಯಿಂದ ಆ ಕೆನೆಬಣ್ಣದ ವೃತ್ತವನ್ನು ಮುಟ್ಟಿದಳು. ಬಗ್ಗಿ ಮೂಸಿದಳು.

"ಅಮ್ಮ ಹಾಕಿದ ಕಣ್ಣು?"

"ಜಾಲರಿಗೆ ಹಾಕಿದೆ."

"ಎರಡೂ?"

"ಎರಡೂ."

ಬೀದಿಯಲ್ಲಿ ಸೈಕಲೊಂದು ಗಂಟೆ ಬಾರಿಸುತ್ತ ಹಾದುಹೋಯಿತು. ಮೆಣಸು ಅದು ಹೋದ ದಿಕ್ಕನ್ನೇ ನೋಡುತ್ತ ಹೇಳಿದಳು:

"ನನ್ನ ಕರಡಿ ಹೋಯ್ತು ಅಂತ ನಿಮ್ಮ ತೊಡೆ ಮೇಲೆ ಬಿದ್ದು ಅತ್ತಿದ್ದೆ. ಅದು ನನ್ನ ಕೈಯಲ್ಲೇ ಇತ್ತು."

"ಹೂಂ."

"ಆಗ ಹೇಳಬಹುದಿತ್ತು."

"ಹೇಳಬಹುದಿತ್ತು. ನೀನು ಮೊದಲನೇ ಸಲ ನನ್ನನ್ನ ಮಾತಾಡಿಸಿದ್ದೆ."

"ನಾನು ಹೊರಡೋವಾಗ ಅದಕ್ಕೆ ಏನು ಹೇಳಿ ಹೋಗಿದ್ದೆ, ನೆನಪಿದೆಯಾ ನಿಮಗೆ?"

"ನನ್ನನ್ನ ನೋಡ್ಕೋ ಅಂತ ಹೇಳಿದ್ದೆ."

"ನಿಮ್ಮ ಹತ್ರ ಹೇಳೋಕೆ ಹೆದರಿಕೆ ಆಗ್ತಿತ್ತು. ಅದಕ್ಕೇ ಅದಕ್ಕೆ ಹೇಳಿದ್ದೆ. ಬಂದ ಮೇಲೆ ನಾನೇ ಮಾತಾಡಿಸ್ತಿದ್ದೆನೇನೋ."

ಕದ್ದು ತಂದದ್ದು, ಕಾದಿದ್ದರೆ ತಾನಾಗಿಯೇ ತನ್ನ ಬಾಗಿಲಿಗೆ ಬರುತ್ತಿತ್ತು ಎಂದು ತಿಳಿದವರ ಹಾಗೆ ಬಣ್ಣದಮ್ಮ ನಿಂತಿದ್ದಳು. ಕೊನೆಗೆ, ಬೇರೇನೂ ತೋಚದೆ, ಅಂದು ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು:

"ಇದಕ್ಕೆ ಏನು ಮಾಡಬೇಕು ಹೇಳು. ಬಣ್ಣ ಇಳಿಸೋಕೂ ಬರುತ್ತೆ. ಆದ್ರೆ ಇಷ್ಟು ಹಳೇ ಕೂದಲು, ಉದುರಿಬಿಡಬಹುದು."

"ಇದಕ್ಕೆ ಬಣ್ಣ ಬೇಡ."

ತಾಯಿಯ ಮಾತು, ಅದೇ ಹೊಸ್ತಿಲ ಮೇಲೆ. ಮಗಳು ಆ ಮಾತನ್ನು ಎಂದೂ ಕೇಳಿದವಳಲ್ಲ.

"ಕೂತ್ಕೋ, ತೋಳಾದ್ರೂ ಹಾಕಿಕೊಡ್ತೀನಿ."

"ಬೇಡ. ಅದು ಇಲ್ಲೇ ಇರ್ಲಿ" ಎಂದು ಮೆಣಸು ಒಂಟಿ ತೋಳಿನ ಕರಡಿಯನ್ನು ಎತ್ತಿಕೊಂಡು ಇಳಿದು ಹೋದಳು. ಹೋಗುವಾಗ ಬರ್ತೀನಿ ಎನ್ನಲಿಲ್ಲ.

ಮುಂದಿನ ರಜೆಯ ದಿನ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ತೋಳು ಅಂಗಡಿಯ ಮೇಜಿನ ಮೇಲೆಯೇ ಇತ್ತು. ಬಣ್ಣದಮ್ಮ ಅದನ್ನು ಎತ್ತಿಡಲಿಲ್ಲ, ಬಟ್ಟೆ ಮುಚ್ಚಲಿಲ್ಲ.

"ಇದೇನು, ಕರಡಿ ಬಿಟ್ಟು ಕೈ ಮಾತ್ರ ಬಂದಿದೆ?" ಎಂದು ಗುಂಡಿಯಂಗಡಿಯವನು ಕೇಳಿದ. ಮೊದಲು ಸುಳ್ಳು ಹೇಳಿದ್ದು ಅವನಿಗೆ. ಅವನಿಗೂ ಹೇಳಿದಳು: ಅಂದು ತೆಗೆದುಕೊಂಡ ಕಣ್ಣುಗಳು ಏತಕ್ಕೆಂದು. ಯಾವುದಕ್ಕೂ ಒಂದು ಚಟಾಕಿ ಹಾರಿಸುವ ಮನುಷ್ಯ ಆ ದಿನ ಗಲ್ಲ ಕೆರೆದುಕೊಂಡು, "ಸರಿ, ನಾನು ಅಂಗಡಿ ತೆರೆದಿಟ್ಟು ಬಂದಿದ್ದೀನಿ" ಎಂದು ಬೀದಿ ದಾಟಿಬಿಟ್ಟ. ಬಣ್ಣದಮ್ಮನ ಅಡುಗೆಗೆ ಆ ದಿನಗಳಲ್ಲಿ ಉಪ್ಪು ಸರಿಯಾಗಿಯೇ ಬೀಳುತ್ತಿತ್ತು. ಹೇಳುವವರಿಲ್ಲದ ಮೇಲೆ ತಾನೇ ನೆನಪಿಟ್ಟುಕೊಳ್ಳಬೇಕಲ್ಲ.

ಚಳಿ ಹುಟ್ಟಿ ಜನ ಕೋಟುಗಳನ್ನು ಹೊತ್ತು ತರತೊಡಗಿದ ಕಾಲಕ್ಕೆ ಒಂದು ಮಧ್ಯಾಹ್ನ ಮೆಣಸು ಮಗಳ ಕೈಹಿಡಿದು ಬಂದಳು. ಹೊಸ್ತಿಲ ಹೊರಗೇ ನಿಂತಳು. ಮಗುವಿನ ತೋಳಿನಲ್ಲಿ ಕರಡಿ. ಅದರ ಭುಜದ ಕೆನೆಬಣ್ಣದ ವೃತ್ತ ಮಗುವಿನ ಬೆರಳು ಆಡಿ ಆಡಿ ಆಗಲೇ ಸ್ವಲ್ಪ ಕಪ್ಪಾಗಿತ್ತು.

"ತೋಳು ಇದೆಯಾ?"

"ಇದೆ."

"ಇವಳಿಗೆ ಬೇಕಂತೆ."

ಮಗು ಬಣ್ಣದಮ್ಮನನ್ನು ಕೆಳಗಿಂದ ಮೇಲಕ್ಕೆ ನೋಡಿತು. "ಇದರ ಕೈ ನೀವು ಕಿತ್ತಿದ್ದಾ ಅಜ್ಜಿ?"

"ಹೂಂ, ನಾನೇ."

"ಯಾಕೆ?"

"ಅದರ ಒಳಗೆ ಇದ್ದದ್ದು ನಿಮ್ಮಮ್ಮನಿಗೆ ಕಾಣಲಿ ಅಂತ."

"ಹೊಲಿಯೋಕೆ ಬರಲ್ಲ ಅಂದ್ರಿ" ಎಂದಳು ಮೆಣಸು.

"ಬರಲ್ಲ. ದಾರ ಕಟ್ಟೋಕೆ ಬರುತ್ತೆ."

"ಬಿಗಿಯಾಗಿ ಕಟ್ಟಬೇಡಿ. ಎತ್ತಿದ್ರೆ ಒಳಗಿನದು ಕಾಣಬೇಕು."

ಬಣ್ಣದಮ್ಮ ಮೇಣದ ದಾರ, ದೊಡ್ಡ ಸೂಜಿ ತಂದು ಹೊಸ್ತಿಲ ಬೆಳಕಿಗೆ ನಿಂತಳು. ನಿಂತುಕೊಂಡು ಒಂದು ಕೈಯಲ್ಲಿ ಕರಡಿ, ಇನ್ನೊಂದರಲ್ಲಿ ಸೂಜಿ ಹಿಡಿದರೆ ತೋಳು ಜಾರುತ್ತಿತ್ತು. ಅದನ್ನು ಕಂಡ ಗುಂಡಿಯಂಗಡಿಯವನು ತನ್ನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬೀದಿ ದಾಟಿ ಬಂದು ಹೊಸ್ತಿಲ ಪಕ್ಕ ಇಟ್ಟ. "ಇಷ್ಟು ವರ್ಷಕ್ಕೆ ನನ್ನ ಕುರ್ಚಿಗೆ ಇಲ್ಲೊಂದು ಜಾಗ ಸಿಕ್ಕಿತು" ಎಂದ. ಮೆಣಸು ಕೂರಲಿಲ್ಲ, ಬಣ್ಣದಮ್ಮನೂ ಕೂರಲಿಲ್ಲ. ಮಗು ಹತ್ತಿ ಕೂತು ಕರಡಿಯನ್ನು ಅಲುಗಾಡದಂತೆ ಹಿಡಿದುಕೊಂಡಿತು.

ಸೂಜಿ ಭುಜದ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂತು. ಅದೇ ಹಳೆಯ ರಂಧ್ರಗಳಲ್ಲಿ, ತಮ್ಮನ ಹೆಂಡತಿ ಮಾಡಿಟ್ಟ ದಾರಿಯಲ್ಲಿಯೇ ಹೋಗಬೇಕಾಗಿತ್ತು. ಸ್ವಲ್ಪ ಆಚೀಚೆಯಾದರೂ ತೋಳು ಒಪ್ಪುತ್ತಿರಲಿಲ್ಲ. ಅವಳ ಬಟ್ಟೆಗಳಿಗೆ ಅಷ್ಟು ಕಾಲ ಬಣ್ಣ ಕಟ್ಟಿಯೂ ಅವಳ ಹೊಲಿಗೆಯನ್ನು ಬಣ್ಣದಮ್ಮ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಗಂಟು ಹಾಕಿದಳು, ದಾರ ಕತ್ತರಿಸಿದಳು. ಮಗು ತೋಳನ್ನು ಎತ್ತಿತು, ವೃತ್ತ ಕಾಣಿಸಿತು. ಇಳಿಸಿತು, ಮುಚ್ಚಿತು. ಮತ್ತೆ ಎತ್ತಿತು.

"ಇದೇನಾ?" ಬಣ್ಣದಮ್ಮ ಕೇಳಿದಳು. "ಸರಿಯಾಗಿ ನೋಡಿ ಹೇಳು."

ಮೆಣಸು ಬಗ್ಗಿ ನೋಡಿದಳು. ಕರಡಿಯನ್ನು ನೋಡಿದಳು, ಅತ್ತೆಯ ಕಂದುಗಟ್ಟಿದ ಉಗುರುಗಳನ್ನು ನೋಡಿದಳು, ಅವಳ ಹಿಂದೆ ನಡುಕೋಣೆಯ ನೆಲದಲ್ಲಿದ್ದ ಜಾಲರಿಯನ್ನು ನೋಡಿದಳು. ಹೂಂ ಎನ್ನಲಿಲ್ಲ.

"ನಾಳೆ ಬಂದು ಹೇಳ್ತೀನಿ" ಎಂದಳು.

"ಸರಿ" ಎಂದು ಬಣ್ಣದಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಅವರಿಬ್ಬರೂ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಹೊಸ್ತಿಲಲ್ಲಿಯೇ, ಕುರ್ಚಿಯ ಪಕ್ಕದಲ್ಲಿ, ನಿಂತಿದ್ದಳು.